ನಿರುದ್ಯೋಗಿಯೂ ಅಲ್ಲದವಳು

ನವೆಂಬರಿನಲ್ಲಿ ನಮ್ಮ ಅಂಗಳಕ್ಕೆ ಬಿಸಿಲು ತಡವಾಗಿ ಬರುತ್ತದೆ. ಮೊದಲು ಸಿಲ್ವರ್ ಓಕ್ ಮರಗಳ ತುದಿ, ಆಮೇಲೆ ಕೊಟ್ಟಿಗೆಯ ತಗಡು, ನೀರಿನ ಟ್ಯಾಂಕು, ಕೊನೆಗೆ ಕಣ. ಅದು ಕಣ ಮುಟ್ಟುವುದರೊಳಗೆ ಟಾರ್ಪಾಲಿನಡಿ ಮುಚ್ಚಿಟ್ಟ ಕಾಫಿಯನ್ನು ನಾನು ಹರಡಿ ಮುಗಿಸಿರಬೇಕು. ಆ ದಿನ ಉದ್ದ ಹಿಡಿಯ ಹಲಗೆಯಿಂದ ಹಣ್ಣು ಎಳೆಯುತ್ತಿದ್ದಾಗ ಗೇಟು ಕಿರುಗುಟ್ಟಿತು. ಕುತ್ತಿಗೆಗೆ ಗುರುತಿನ ಕಾರ್ಡು, ಕೈಯಲ್ಲಿ ಟ್ಯಾಬು, ಕಿತ್ತುಹೋದ ಚಪ್ಪಲಿಯ ಪಟ್ಟಿಗೆ ಪಿನ್ನು ಚುಚ್ಚಿಕೊಂಡ ಒಬ್ಬ ಹುಡುಗಿ. ಯಾರ ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆ ಎಂದು ಕೇಳುವ ಸರ್ಕಾರದ ಸಮೀಕ್ಷೆಯಂತೆ.

ಅವಳನ್ನು ಜಗಲಿಯಲ್ಲಿ ಕೂರಿಸಿ ಉತ್ತರ ಹೇಳಲು ಕೂತವರು ನನ್ನ ಅತ್ತೆ. ನಮ್ಮದು ಕೊಡಗಿನ ಅರೆಭಾಷೆ ಎಂಬ ಕನ್ನಡದ ಮನೆ. ಯಾವ ಅಧಿಕಾರಿ ಬಂದರೂ ಅತ್ತೆ ಅದರಲ್ಲೇ ಮಾತಾಡುವವರು. ಮಗನಿಗೆ ನಾಪೋಕ್ಲು ಪೇಟೆಯಲ್ಲಿ ಪಂಪ್‌ಸೆಟ್, ಸ್ಪ್ರೇಯರ್ ರಿಪೇರಿಯ ಅಂಗಡಿ ಎಂದು ಹೇಳಿದರು. ಮೊಮ್ಮಗಳ ಸರದಿ ಬಂದಾಗ ನನ್ನ ಮಗಳೇ ಬಾಗಿಲಿಗೆ ಬಂದು ನಿಂತು, "ಬಿ.ಎಡ್. ಆಗಿದೆ, ಕೆಲಸ ಹುಡುಕ್ತಿದ್ದೀನಿ" ಎಂದಳು. ಹುಡುಗಿ ಟ್ಯಾಬಿನ ಮೇಲೆ ಬೆರಳಾಡಿಸಿ, ಅಂಗಳದಲ್ಲಿದ್ದ ನನ್ನ ಕಡೆ ತಲೆಯೆತ್ತಿದಳು.

"ಇವರು?"

"ಸೊಸೆ. ಸುಮ್ನೆ ಮನೇಲಿ ಇರ್ದು," ಎಂದರು ಅತ್ತೆ.

ನನ್ನ ಅಂಗೈಗೆ ಹಣ್ಣಿನ ರಸ ಅಂಟಿ, ಅದರ ಮೇಲೆ ಧೂಳು ಕೂತು, ಬೆರಳು ಮಡಚಿದರೆ ಬಿಡಿಸುವುದು ಕಷ್ಟವಾಗಿತ್ತು. ಹುಡುಗಿ ಅದನ್ನು ನೋಡಿದಳು.

"ಈ ಕಾಫಿ ನಿಮ್ದೇ ಅಲ್ವ ಅಜ್ಜಿ? ಒಣಗಿಸಿ ಮಾರ್ತೀರಲ್ಲ, ಅಕ್ಕ ಮಾಡೋದೂ ಕೆಲಸಾಂತಲೇ ಬರ್ತದೆ. ಹಾಕ್ಲಾ?"

"ಬೇಡ ಬೇಡ! ನಮ್ಮ ಕಾಫಿ ನಾವು ಒಣಗಿಸಿರೆ ಅದ್ ಕೆಲ್ಸನಾ? ನೀ ಕೆಲ್ಸ ಅಂತ ಹಾಕಿರೆ, ಈ ಮನೆ ಸೊಸೆ ಕೆಲ್ಸಕ್ಕೆ ಹೋದು ಅಂತ ನಾಳೆ ಊರಿಡೀ ಹೇಳುವೊ."

ನಮ್ಮ ಕಡೆ ಕೆಲಸ ಎಂಬ ಮಾತಿಗೆ ಇರುವುದು ಅದೊಂದೇ ಅರ್ಥ. ಇನ್ನೊಬ್ಬರ ತೋಟಕ್ಕೆ, ಇನ್ನೊಬ್ಬರ ಮನೆಗೆ ಹೋಗಿ ಮಾಡಿದರೆ ಅದು ಕೆಲಸ. ತೋಟದಾಳುಗಳಿಗೆ ಕಟ್ಟಿದ ಲೈನ್ ಮನೆಗಳಲ್ಲಿ ಇರುವವರು ಕೆಲಸಕ್ಕೆ ಹೋಗುತ್ತಾರೆ. ನಮ್ಮಂಥವರು ನಮ್ಮ ಅಂಗಳದಲ್ಲೇ ಬೆನ್ನು ಮುರಿದುಕೊಂಡರೂ ಸುಮ್ಮನೆ ಇರುತ್ತೇವೆ.

ಹುಡುಗಿ ವಾದ ಮಾಡಲಿಲ್ಲ. ಅವಳಿಗೆ ಇನ್ನೂ ಎಷ್ಟೋ ಮನೆ ಬಾಕಿ ಇದ್ದಿರಬೇಕು. "ಆಯ್ತಜ್ಜಿ," ಎಂದವಳು ನನ್ನನ್ನೇ ಕೇಳಿದಳು. "ಅಕ್ಕಾ, ನೀವು ಕೆಲಸ ಹುಡುಕ್ತಿದ್ದೀರಾ?"

ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅತ್ತೆ ನಕ್ಕುಬಿಟ್ಟರು. "ಈ ಪ್ರಾಯಲಿ ಇನ್ನೆಂತ ಹುಡುಕ್ದು!"

ಕಾಫಿ ಕೊಟ್ಟಾಗ ಮಗಳು ಅವಳ ಪಕ್ಕ ಕೂತು, "ನಂಗೆ ಎಂತಾಂತ ಹಾಕಿದ್ರಿ?" ಎಂದು ಕೇಳಿದಳು.

"ನಿರುದ್ಯೋಗಿ."

"ಅಮ್ಮಂಗೆ?"

"ಅಮ್ಮ ಅದ್ರಲ್ಲಿ ಬರೋದಿಲ್ಲ. ಹುಡುಕಿದ್ರೆ ಮಾತ್ರ ನಿರುದ್ಯೋಗಿ. ಹುಡುಕದಿದ್ರೆ ಆ ಲೆಕ್ಕಕ್ಕೇ ಇಲ್ಲ."

"ಛೇ ಅಮ್ಮಾ," ಮಗಳು ನನ್ನ ಕಡೆ ತಿರುಗಿ ನಕ್ಕಳು. "ನಿಂಗೆ ನಿರುದ್ಯೋಗಿ ಆಗ್ಲಿಕ್ಕೂ ಆಗ್ಲಿಲ್ವಲ್ಲ."

ಹುಡುಗಿಯೂ ನಕ್ಕಳು. ಕಾಫಿಯ ಬಿಸಿಗೆ ಅವಳ ಮಾತು ಸಡಿಲವಾಗಿತ್ತು. "ನನ್ನೂರು ಕುಟ್ಟ ಅಕ್ಕಾ. ನಮ್ಮ ಕಡೆ ಹೆಂಗಸರನ್ನ ಕೇಳಿದ್ರೆ ಪಣಿ ಉಂಟು ಪಣಿ ಉಂಟು, ಕೆಲಸ ಉಂಟು ಅಂತಾರೆ. ಗಡಿಯಲ್ವ, ಈಚೆ ಕೆಲಸ ಇಲ್ಲದಿದ್ರೆ ಕೇರಳಕ್ಕೆ ಜೀಪು ಹತ್ತುತ್ತಾರೆ. ಮಡಿಕೇರಿಯಲ್ಲಿ ಕೇಳಿದ್ರೆ ಮನೆಗೊಬ್ಬಳು ಇವಳ ಹಾಗೆ, ಹುಡುಕ್ತಿದ್ದೀನಿ ಅಂತಾಳೆ. ನಿಮ್ಮ ಕಡೆ ಬಂದ್ರೆ ಸುಮ್ನೆ, ಸುಮ್ನೆ, ಸುಮ್ನೆ. ತಮಾಷೆ ಎಂತ ಗೊತ್ತುಂಟಾ? ಕೊನೆಗೆ ಕೂಡಿಸಿ ನೋಡಿದ್ರೆ ನಿಮ್ಮ ಕಡೆಯೇ ಚಂದ ಕಾಣ್ತದೆ. ಹೆಂಗಸರಲ್ಲಿ ನಿರುದ್ಯೋಗವೇ ಇಲ್ಲ!"

ಅವಳು ಹೋದ ಮೇಲೆ ಹಲಗೆ ಹಿಡಿದೆ. ಆದರೆ ಎಳೆಯುವ ಕೈ ಆಗಾಗ ನಿಂತುಬಿಡುತ್ತಿತ್ತು. ಸುಮ್ಮನೆ ಎಂದರೆ ಮಾತಾಡದೆ ಇರುವುದು. ಸುಮ್ಮನೆ ಎಂದರೆ ಕಾರಣವಿಲ್ಲದೆ ಇರುವುದು. ಸುಮ್ಮನೆ ಎಂದರೆ ಏನೂ ಮಾಡದಿರುವುದು. ಅತ್ತೆ ಹೇಳಿದ್ದು ಯಾವುದನ್ನು? ಅವರು ಕೆಟ್ಟ ಮನಸ್ಸಿನಿಂದ ಹೇಳಿದವರಲ್ಲ, ಬದಲಿಗೆ ಮನೆಯ ಮರ್ಯಾದೆ ಕಾಯುತ್ತಿದ್ದರು. ಆದರೂ ಆ ವಾರವೆಲ್ಲ ನನಗೆ ಒಂದು ಕಡೆ ಕೂರಲಾಗಲಿಲ್ಲ. ಒಗೆದ ಬಟ್ಟೆಯನ್ನು ಮತ್ತೆ ನೀರಿಗೆ ಹಾಕಿದೆ. ಶೆಲ್ಫಿನಲ್ಲಿದ್ದ ಲೋಟಗಳನ್ನು ಇಳಿಸಿ, ಒರೆಸಿ, ಬೇರೆ ಸಾಲು ಮಾಡಿ, ಅದು ಸರಿ ಕಾಣದೆ ಹಳೆಯ ಸಾಲಿಗೇ ತಂದೆ. ಮಗಳು ಫೋನಿನಲ್ಲಿ ಎಲ್ಲಿಯೋ ಅರ್ಜಿ ಹಾಕುತ್ತಾ ಕೂತಿದ್ದರೆ ನನಗೆ ಅವಳ ಮೇಲೆ ಒಂಥರಾ ಹೊಟ್ಟೆಕಿಚ್ಚು. ಅವಳಿಗೆ ಕೆಲಸವಿಲ್ಲ, ನಿಜ. ಆದರೆ ಅವಳಿಗೆ ಇಲ್ಲದಿರುವುದು ಏನು ಎಂದು ಅವಳಿಗೆ ಗೊತ್ತಿತ್ತು.

ನಮ್ಮ ಮನೆಯ ಕೆಳಗೆ ಗದ್ದೆ ಇದೆ. ಇದೆ ಎನ್ನಬೇಕೋ ಇತ್ತು ಎನ್ನಬೇಕೋ. ನಾನು ಮದುವೆಯಾಗಿ ಬಂದ ಮೊದಲ ಮಳೆಗಾಲ ಅಲ್ಲಿ ನಾಟಿಗೆ ಹೆಂಗಸರ ದೊಡ್ಡ ಸಾಲೇ ನಿಂತಿತ್ತು. ಸೀರೆ ಮೊಣಕಾಲಿಗೆ ಕಟ್ಟಿ, ಬೆನ್ನಿಗೆ ಪ್ಲಾಸ್ಟಿಕ್ ಹೊದ್ದು, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತಾ ನೆಡುತ್ತಿದ್ದರು. ಅತ್ತೆಯೂ ಅವರ ಜೊತೆ ಕೆಸರಿಗೆ ಇಳಿಯುತ್ತಿದ್ದರು. ಮಡಿಕೇರಿಯ ಕಾನ್ವೆಂಟಿನಲ್ಲಿ ಬಿಳಿ ಸಾಕ್ಸು ಕೊಳೆಯಾಗದಂತೆ ನಡೆಯಲು ಕಲಿತು ಬಂದ ನಾನು ಬದುವಿನ ಮೇಲೆ ನಿಂತು ಕಾಫಿ ಹಂಚುತ್ತಿದ್ದೆ. ಆಮೇಲೆ ಒಂದು ವರ್ಷ ಆಳು ಸಿಗಲಿಲ್ಲವೆಂದು ಬಿಟ್ಟೆವು. ಮರುವರ್ಷ ಹಂದಿ ಕಾಟವೆಂದು ಬಿಟ್ಟೆವು. ಶುಂಠಿಗೆಂದು ಕೇರಳದವರು ಎರಡು ಬೆಳೆ ಮಾಡಿ ಹೋದರು. ಈಗ ಅಲ್ಲಿ ಹುಲ್ಲು.

ಆ ಸಾಲಿನ ಮೊದಲಲ್ಲಿ ನಿಲ್ಲುತ್ತಿದ್ದವಳು ಆ ದಿನಗಳಲ್ಲೇ ಒಮ್ಮೆ ನಾಪೋಕ್ಲು ಬಸ್ಸಿಗೆ ಕಾಯುವಾಗ ಸಿಕ್ಕಳು. ನನಗಿಂತ ದೊಡ್ಡವಳು, ಆದರೂ ಅಕ್ಕ ಎನ್ನುತ್ತಾಳೆ. ಈಗ ಏನು ಮಾಡುತ್ತಿದ್ದೀ ಎಂದು ಕೇಳಿದೆ. ಕೇಳಿದ ಮೇಲೆ ನನಗೇ ಇರುಸುಮುರುಸಾಯಿತು.

"ಎಂತ ಮಾಡುದಕ್ಕ, ಸುಮ್ನೆ. ಮಗ ಗಾಡಿ ಓಡಿಸ್ತಾನೆ, ರೇಷನ್ ಬರ್ತದೆ."

"ತೋಟದ ಕೆಲಸಕ್ಕೆ ಹೋಗುದಿಲ್ವ?"

"ಈಗ ಎಲ್ಲ ಅಸ್ಸಾಮಿನವರು ಅಲ್ವ. ಗಂಡ ಹೆಂಡತಿ ಜೊತೆಗೇ ಬರ್ತಾರೆ, ಲೈನಲ್ಲೇ ಇರ್ತಾರೆ, ಭಾನುವಾರವೂ ಕೊಯ್ತಾರೆ. ನಮ್ಮನ್ನ ಬರ್ಬೇಡಿ ಅಂತ ಯಾರೂ ಹೇಳ್ಲಿಲ್ಲ. ಬನ್ನಿ ಅಂತ್ಲೂ ಹೇಳ್ಲಿಲ್ಲ. ಮತ್ತೆ ಹೊಳೆಯಾಚೆ ತೋಟದಲ್ಲಿ ಆಳು ನೋಡುವ ರೈಟರ್‌ನ ಬಾಯಿ ನಿಮಗೆ ಗೊತ್ತುಂಟಲ್ಲ, ಹೆಂಗಸರ ಹತ್ರ ಹೇಗೆ ಮಾತಾಡ್ತಾನೆ. ಈ ಪ್ರಾಯದಲ್ಲಿ ಅದೆಲ್ಲ ಕೇಳ್ಲಿಕ್ಕೆ ಯಾರಿಗೆ ಬೇಕು?"

ಬಸ್ಸು ಬಂತು. ಅವಳು ಹತ್ತುವಾಗ ನಾನು ಅವಳ ಕಾಲನ್ನು ನೋಡಿದೆ. ಎಷ್ಟೋ ವರ್ಷ ಕೆಸರಿನಲ್ಲಿ ಬಿರಿದ ಹಿಮ್ಮಡಿ ಈಗ ನುಣ್ಣಗಾಗಿತ್ತು.

ಹೊಳೆಯಾಚೆಯ ತೋಟದ ರೈಟರ್ ಕೆಲಸ ಬಿಟ್ಟ ಸುದ್ದಿಯನ್ನು ಊಟದ ಹೊತ್ತಿಗೆ ತಂದವರು ನನ್ನ ಗಂಡ. ಯಾರದೋ ಹೋಂಸ್ಟೇ ನೋಡಿಕೊಳ್ಳಲು ಹೋದನಂತೆ. "ರೊಬಸ್ಟಾ ಕೊಯ್ಲು ಹತ್ರ ಬಂತು, ಸಾಹುಕಾರ್ರು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ," ಎಂದರು. ರೈಟರ್ ಎಂದರೆ ಇಲ್ಲಿ ತೋಟದ ಮೇಸ್ತ್ರಿಗಿಂತ ಮೇಲೆ, ಮಾಲೀಕರಿಗಿಂತ ಕೆಳಗೆ ಇರುವವನು. ಬೆಳಿಗ್ಗೆ ಸೀಟಿ ಊದಿ, ಯಾರು ಯಾವ ಸಾಲು ಎಂದು ಹೇಳಿ, ಸಂಜೆ ಹಣ್ಣು ತೂಗಿ, ನಡುವೆ ಇಡೀ ದಿನ ಕೊಡೆ ಹಿಡಿದು ಗಿಡಗಳ ನಡುವೆ ಓಡಾಡುವವನು.

"ನಾನು ಹೋಗ್ಲಾ?" ಎಂದೆ.

ಗಂಡ ಸಾರು ಹಾಕಿಕೊಳ್ಳುತ್ತಿದ್ದರು. "ಎಲ್ಲಿಗೆ?"

"ಆ ಕೆಲಸಕ್ಕೆ."

ಮಗಳು ಮೊದಲು ನಕ್ಕಳು. ನಾನು ನಗುತ್ತಿಲ್ಲವೆಂದು ಕಂಡು ನಿಲ್ಲಿಸಿದಳು. ಅತ್ತೆ ತಟ್ಟೆ ಎತ್ತಿಕೊಂಡು ಎದ್ದರು.

ರೈಟರ್ ಆಗುವ ಮಾತು ನಾನು ಆಡಿದ್ದು ಅದು ಎರಡನೆಯ ಸಲ. ಶಾಲೆಯಲ್ಲಿ ಸಿಸ್ಟರ್ ಎಲ್ಲರನ್ನೂ ಒಬ್ಬೊಬ್ಬರಾಗಿ ಎಬ್ಬಿಸಿ ಮುಂದೆ ಏನಾಗುತ್ತೀರಿ ಎಂದು ಕೇಳಿದಾಗ, ಡಾಕ್ಟರ್, ನರ್ಸ್, ಟೀಚರ್‌ಗಳ ನಡುವೆ ನಾನು ಇಂಗ್ಲಿಷಿನಲ್ಲಿ ರೈಟರ್ ಎಂದಿದ್ದೆ. ಅಜ್ಜನ ಮನೆಯ ಹತ್ತಿರದ ತೋಟದಲ್ಲಿ ಖಾಕಿ ಚಡ್ಡಿಯ ಒಬ್ಬ ರೈಟರ್ ಇದ್ದ, ಅವನು ಸೀಟಿ ಊದಿದರೆ ಇಡೀ ಗುಡ್ಡ ತಿರುಗಿ ನೋಡುತ್ತಿತ್ತು. ನನಗೆ ಬೇಕಾಗಿದ್ದುದು ಆ ಸೀಟಿ. ಕೇರಳದಿಂದ ಬಂದಿದ್ದ ಸಿಸ್ಟರಿಗೆ ಅದು ಹೇಗೆ ಗೊತ್ತಾಗಬೇಕು? ನಾನು ಕಥೆ ಬರೆಯುವವಳಾಗುತ್ತೇನೆಂದು ತಿಳಿದು ಅವರ ಕಣ್ಣು ತುಂಬಿ ಬಂತು. ಆಮೇಲೆ ವರ್ಷವಿಡೀ ಶಾಲೆಯ ಪತ್ರಿಕೆಗೆ ಮಳೆಯ ಬಗ್ಗೆ, ಹಸುವಿನ ಬಗ್ಗೆ, ಕ್ರಿಸ್ಮಸ್ ಬಗ್ಗೆ ಬರೆಯುವ ಪಾಡು ನನ್ನದು.

ಅತ್ತೆ ಕೈತೊಳೆದು ಬಂದ ಮೇಲೆ ಮಾತಾಡಿದರು. "ನಮ್ಮ ಮನೆ ಹೆಣ್ಣ್ ಇನ್ನೊಬ್ಬರ ತೋಟಲಿ ನಿಂತ್ರೆ, ಈ ಮನೇಲಿ ಊಟಕ್ಕಿಲ್ಲೆ ಅಂತ ಅಲ್ವ ಜನ ಹೇಳುದು?"

"ನೀವು ನಾಟಿ ಮಾಡಿದ್ದೀರಲ್ಲತ್ತೆ."

"ಅದ್ ನಮ್ಮ ಗದ್ದೆ."

ಗಂಡ ಬೇಡ ಎನ್ನಲಿಲ್ಲ. "ಆನೆ ಉಂಟು ಅಲ್ಲಿ," ಎಂದರು. "ನಿಂಗೆ ಅಲ್ಲಿ ಕಷ್ಟ." ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಕಾಳಜಿಯ ಎದುರು ಏನು ಹೇಳುವುದು? ಎರಡು ದಿನ ಆ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಮೂರನೆಯ ದಿನ ಮಗಳು ತನ್ನ ಶೂ ತಂದು ನನ್ನ ಕಾಲ ಬುಡದಲ್ಲಿಟ್ಟಳು. "ಚಪ್ಪಲಿಯಲ್ಲಿ ಹೋದ್ರೆ ಜಾರ್ತೀಯ," ಎಂದಳು. ಅಷ್ಟೇ.

ಸಾಹುಕಾರರು ವರಾಂಡದಲ್ಲಿ ಕೂತು ಪೇಪರ್ ಓದುತ್ತಿದ್ದರು. ಹಿರಿಯರು, ನಮ್ಮ ಮದುವೆಗೆ ಬಂದವರು. ನನ್ನನ್ನು ಕಂಡು ಎದ್ದೇ ನಿಂತರು. "ಬಾ ಬಾಮ್ಮಾ, ಮನೆಯಲ್ಲಿ ಎಲ್ಲ ಹುಷಾರಲ್ವ? ಪಂಪಿನ ಬಿಲ್ಲಾ?"

"ಅಲ್ಲ ಅಂಕಲ್. ರೈಟರ್ ಬೇಕಂತೆ ಅಂತ ಕೇಳಿದೆ."

"ಹೌದೌದು. ಯಾರಾದ್ರೂ ಇದ್ದಾರಾ? ಒಳ್ಳೇ ಹುಡುಗ ಇದ್ರೆ ಇವತ್ತೇ ಕಳಿಸು."

"ನಾನೇ ಬರೋಣಾಂತ."

ಅವರು ಕನ್ನಡಕ ತೆಗೆದರು. ಒಳಗೆ ಕುಕ್ಕರ್ ಕೂಗಿತು. ಕುರ್ಚಿಯ ಬೆತ್ತದಲ್ಲಿ ಒಂದು ಎಳೆ ಬಿಟ್ಟುಕೊಂಡಿತ್ತು, ಅದನ್ನು ಹೇಗೆ ಸೇರಿಸಬಹುದೆಂದು ನಾನು ಯೋಚಿಸಿದೆ.

"ಈ ಕೆಲಸಕ್ಕೆ ಹೆಂಗಸು..." ಎಂದು ಶುರು ಮಾಡಿ ಬಿಟ್ಟರು. "ಹಿಂದಿ ಬರ್ತದಾ? ಅಸ್ಸಾಮಿನವರಿಗೆ ಕನ್ನಡ ಬರುದಿಲ್ಲ."

"ಶಾಲೆಯಲ್ಲಿ ಓದಿದ್ದೇನೆ."

"ಕೊಯ್ಲು ಮುಗಿಯುವ ತನಕ ನೋಡೋಣ," ಎಂದರು. "ಆಮೇಲೆ ಹೇಳ್ತೇನೆ." ಕೆಲಸ ಕೊಟ್ಟರೆಂದು ನನಗೆ ಗೊತ್ತಾದದ್ದು ಗೇಟು ದಾಟಿದ ಮೇಲೆ. ಅಷ್ಟರಲ್ಲೇ ಭಯವೂ ಶುರುವಾಗಿತ್ತು.

ನನ್ನ ಹಿಂದಿ ಪಠ್ಯಪುಸ್ತಕದ್ದು. ಮೊದಲ ಬೆಳಿಗ್ಗೆ ಮಂಜಿನಲ್ಲಿ ನಿಂತು, ದಯವಿಟ್ಟು ಆ ಸಾಲಿಗೆ ಹೋಗಿ ಎನ್ನಲು, "ಕೃಪಯಾ ಆಪ್ ಲೋಗ್ ಉಸ್ ಪಂಕ್ತಿ ಮೇಂ ಜಾಯಿಯೇ" ಎಂದೆ. ಎಲ್ಲರೂ ನನ್ನ ಬಾಯಿ ನೋಡಿದರು. ಒಬ್ಬಳು ಎಳೆಯ ತಾಯಿ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡಿದ್ದವಳು, ಪಕ್ಕದವಳ ಭುಜಕ್ಕೆ ಮುಖ ಒತ್ತಿ ನಕ್ಕಳು. "ಮೇಡಂ ರೇಡಿಯೋ ಜೈಸಾ ಬೋಲ್ತಾ ಹೈ!" ನಾನು ರೇಡಿಯೋದ ಹಾಗೆ ಮಾತಾಡುತ್ತೇನಂತೆ. ಅಂದಿನಿಂದ ನಾನು ಅವರಿಗೆ ರೇಡಿಯೋ ಮೇಡಂ. ಸೀಟಿ ಊದಲೂ ಬರಲಿಲ್ಲ. ಗಾಳಿ ಬದಿಯಿಂದ ಸೋರಿ ಹೋಗುತ್ತಿತ್ತು. ಮಗಳು ಅಡುಗೆಮನೆಯಲ್ಲಿ ನಿಂತು ಕಲಿಸಿಕೊಟ್ಟಳು. ಅತ್ತೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಹೋದರು.

ಒಂದು ವಾರ ಕಳೆದಿರಬೇಕು. ಸಾಲು ಹಂಚುವಾಗ ಮಂಜಿನಲ್ಲಿ ಒಂದು ಪರಿಚಯದ ಮುಖ. ಬಸ್ಸಿಗೆ ಕಾಯುವಾಗ ಸಿಕ್ಕಿದ್ದವಳು, ಜೊತೆಗೆ ಅವಳ ಓರಗಿತ್ತಿ. ಇಬ್ಬರೂ ತಲೆಗೆ ಟವಲು ಕಟ್ಟಿ, ಹಣ್ಣು ಬೀಳಿಸಲು ಚಾಪೆ ಮಡಚಿ ಕಂಕುಳಲ್ಲಿಟ್ಟು ತಯಾರಾಗಿ ಬಂದಿದ್ದರು.

"ನೀವು ಇದ್ದೀರಂತ ಕೇಳಿ ಬಂದದ್ದಕ್ಕ. ಅವನಿದ್ದಿದ್ರೆ ಬರ್ತಿರ್ಲಿಲ್ಲ."

"ನಾನೂ ಬೈತೇನೆ," ಎಂದೆ.

"ಬೈರಿ. ನಿಮ್ಮ ಬೈಗುಳ ನಮಗೆಂತ ಮಾಡ್ತದೆ? ನಿಮಗೆ ಕೃಪಯಾ ಬಿಟ್ಟು ಬೇರೆ ಬರ್ತದಾ?" ಸುದ್ದಿ ಅಲ್ಲಿಗೂ ಹೋಗಿತ್ತು.

ಕೊಯ್ಲು ನಡೆಯಿತು. ನಾನು ತಪ್ಪುಗಳನ್ನೂ ಮಾಡಿದೆ. ಒಂದು ಮೂಲೆಯ ಗಿಡಗಳನ್ನು ಬಿಟ್ಟು ಮುಂದೆ ಹೋಗಿ, ಹಣ್ಣು ಒಣಗಿ ಉದುರಿದ ಮೇಲೆ ಕಂಡುಹಿಡಿದು ಬೈಸಿಕೊಂಡೆ. ಆನೆ ಹೊಳೆ ದಾಟಿದೆಯೆಂದು ಸುದ್ದಿ ಬಂದ ಬೆಳಿಗ್ಗೆ ಎಲ್ಲರನ್ನೂ ಲೈನಿಗೆ ವಾಪಸು ಕಳಿಸಿ, ಸಾಹುಕಾರರಿಗೆ ಫೋನು ಮಾಡಿದೆ. ಆದರೆ ಸಂಜೆ ಮನೆಗೆ ಬಂದು ಶೂ ಬಿಚ್ಚುವಾಗ, ಮೊದಲಿದ್ದ ಆ ಒಂದು ಕಡೆ ಕೂರಲಾಗದ ಸಂಕಟ ಇರುತ್ತಿರಲಿಲ್ಲ. ಅದರ ಜಾಗದಲ್ಲಿ ಬೇರೆಯೇ ಒಂದು ಚಡಪಡಿಕೆ ಬಂದು ಕೂತಿತ್ತು. ಮುಗಿದ ಮೇಲೆ ಏನು? ಉಳಿದ ಸಾಲುಗಳನ್ನು ನೋಡುವಾಗೆಲ್ಲ ಅವು ಬೇಗ ಕರಗುತ್ತಿವೆ ಅನಿಸುತ್ತಿತ್ತು. ಇನ್ನೂ ಕೆಂಪಾಗದ ಗಿಡ ಕಂಡರೆ ಸಮಾಧಾನ.

ಮನೆಗೆ ನೆಂಟರು ಬಂದು ನನ್ನನ್ನು ಕೇಳಿದರೆ ಅತ್ತೆ ಹೇಳುತ್ತಿದ್ದುದು ಒಂದೇ. "ಆಚೆ ತೋಟದವಕ್ಕೆ ಒಂಚೂರು ಸಹಾಯ. ಬೇಜಾರಾದೆ ಅಂತ ಸುಮ್ನೆ ಹೋಗಿ ಬರ್ದು." ಒಮ್ಮೆ ಇದನ್ನು ನಾನು ಅಡುಗೆಮನೆಯಿಂದ ಕೇಳಿ ಹೊರಗೆ ಬಂದೆ. ಏನಾದರೂ ಹೇಳಬೇಕೆಂದೇ ಬಂದದ್ದು. ಅತ್ತೆ ನನ್ನ ಮುಖ ನೋಡಿದರು. ನೆಂಟರು ಹೋದ ಮೇಲೆ, ಒಣಗಲು ಹಾಕಿದ್ದ ನನ್ನ ಶೂವನ್ನು ಒಲೆಯ ಹತ್ತಿರ ಸರಿಸುತ್ತಾ, "ಅವುಕ್ಕೆ ಹೇಳಿರೆ ಗೊತ್ತಾದಿಲ್ಲೆ," ಎಂದರು. ಅವರು ಯಾರ ಪಕ್ಷ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಕೊನೆಯ ದಿನ ತೂಕ ಮುಗಿದು, ಲೈನಿನವರು ಹಬ್ಬದ ಹಾಗೆ ಗಲಾಟೆ ಮಾಡಿಕೊಂಡು ಹೋದ ಮೇಲೆ ಸಾಹುಕಾರರು ನನ್ನನ್ನು ವರಾಂಡಕ್ಕೆ ಕರೆದರು. ಒಳಗಿನಿಂದ ಅವರ ಹೆಂಡತಿ ಕಿತ್ತಳೆಯ ಚೀಲ ಕಳಿಸಿದರು. ಅದನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು. ನೆಂಟರನ್ನು ಕಳಿಸುವಾಗ ನಾವೂ ಹಾಗೇ ಕೊಡುವುದು.

"ನಿನ್ನ ಕೆಲಸದಲ್ಲಿ ಒಂದು ಮಾತು ಹೇಳುವ ಹಾಗಿಲ್ಲಮ್ಮ. ಆದ್ರೆ ವರ್ಷವಿಡೀ ಅಂದ್ರೆ ಮೋಟಾರು, ಸ್ಪ್ರೇ, ಕರೆಂಟು, ಹೊತ್ತಲ್ಲದ ಹೊತ್ತಿಗೆ ಆನೆ ಓಡಿಸುದು. ನಮ್ಮವಳ ಕಡೆಯ ಒಬ್ಬ ಹುಡುಗ ಸುಮ್ನೆ ಇದ್ದಾನೆ, ಅವನನ್ನ ಇಟ್ಕೊಳ್ತೇನೆ. ಮುಂದಿನ ಕೊಯ್ಲಿಗೆ ನೋಡೋಣ, ಆಗದಾ?"

"ಆಗ್ಲಿ ಅಂಕಲ್," ಎಂದೆ. ಕಾನ್ವೆಂಟಿನಲ್ಲಿ ಕಲಿತ ಮರ್ಯಾದೆ, ಥ್ಯಾಂಕ್ಯೂ ಕೂಡ ಹೇಳಿದೆ. ಅವನೂ ಸುಮ್ಮನೆ ಇದ್ದವನೇ. ಆದರೆ ಅವನಿಗಾಗಿ ಯಾರೋ ಹುಡುಕುತ್ತಿದ್ದರು.

ರಸ್ತೆಗೆ ಬಂದೆ. ಎಡಕ್ಕೆ ತಿರುಗಿದರೆ ಹೊಳೆ, ಸೇತುವೆ, ಮನೆ. ಗಿಡಗಳ ನಡುವೆ ಓರಗಿತ್ತಿಯರಿಬ್ಬರೂ ಚಾಪೆ ಮಡಚಿ ಹೊತ್ತು ಇಳಿದು ಬರುತ್ತಿದ್ದರು. "ಅಕ್ಕಾ, ಇನ್ನೆಲ್ಲಿ?" ಎಂದು ದೂರದಿಂದಲೇ ಕೂಗಿದಳು ದೊಡ್ಡವಳು. ಬೇರೆ ತೋಟದಲ್ಲಿ ಕೊಯ್ಲು ಬಾಕಿ ಇರುವುದು ಅವಳಿಗೂ ಗೊತ್ತಿತ್ತು, ನನಗೂ. ಕಿತ್ತಳೆಯ ಚೀಲವನ್ನು ಅವರಿಗೆ ಕೊಟ್ಟೆ, ಭಾರವಾಗಿತ್ತು. ಅವರು ಎಡಕ್ಕೆ ಹೋದರು. ನಾನು ಬಲಕ್ಕೆ ತಿರುಗಿದೆ.

ಆ ರಸ್ತೆಯಲ್ಲಿ ಅರ್ಧ ಮೈಲಿಯೊಳಗೆ ಇನ್ನೊಂದು ತೋಟ. ಅಲ್ಲಿನವರ ಪರಿಚಯ ನನಗಿಲ್ಲ. ಕಬ್ಬಿಣದ ಗೇಟು, ಒಳಗೆ ಕಟ್ಟಿಹಾಕಿದ ಎರಡು ನಾಯಿ. ಕಾವಲಿನವನು ನನ್ನ ಸೀರೆ, ಕೆಸರು ಶೂ, ಕೊರಳಿನ ಸೀಟಿ ಮೂರನ್ನೂ ಒಂದಕ್ಕೊಂದು ಹೊಂದಿಸಲಾಗದೆ ನೋಡಿದ.

"ಮನೆಯ ಮೇಡಂ ಮಡಿಕೇರಿಗೆ ಹೋಗಿದ್ದಾರಮ್ಮಾ. ಯಾರು ಬಂದಿದ್ರು ಅಂತ ಹೇಳ್ಲಿ?"

"ಮೇಡಂ ಅಲ್ಲ, ಸಾಹುಕಾರ್ರನ್ನ ಕಾಣ್ಬೇಕಿತ್ತು. ಕೆಲಸ ಕೇಳ್ಲಿಕ್ಕೆ ಬಂದದ್ದು."

"ಎಂತ ಕೆಲಸ?"

ಹೇಳಿದೆ. ಅವನು ನಗಲಿಲ್ಲ. ಗೇಟು ತೆರೆಯಲೂ ಇಲ್ಲ. "ಇಲ್ಲೇ ನಿಲ್ಲಿ, ಕೇಳಿ ಬರ್ತೇನೆ," ಎಂದು ಒಳಗೆ ಹೋದ. ನಾಯಿಗಳು ಬೊಗಳುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದವು. ಮನೆ ಕಡೆ ಹೋಗುವ ನಾಪೋಕ್ಲಿನ ಸಂಜೆಯ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿ, ನನ್ನನ್ನು ಕಂಡು ನಿಧಾನ ಮಾಡಿತು. ಕಂಡಕ್ಟರ್ ಬಾಗಿಲಲ್ಲಿ ಬಗ್ಗಿ, "ಬರ್ತೀರಾಮ್ಮಾ?" ಎಂದ.

ನಾನು ಕೈಯಾಡಿಸಿ ಹೋಗು ಎಂದೆ, ಗೇಟಿನ ಸರಳು ಹಿಡಿದು ಒಳಗಿನ ದಾರಿ ನೋಡುತ್ತಾ ನಿಂತೆ.